ವಾಸಪ್ಪನವರ ಹರಕೆ

ಆಂಪ್ಲಿಫೈಯರಿನ ಕೆಂಪು ದೀಪ ಒಮ್ಮೆ ಮಿಣುಕಿ ಆರಿಹೋಯಿತು. ನ್ಯೂಜೆರ್ಸಿಯ ಆ ದೇವಸ್ಥಾನದ ಸಭಾಂಗಣ ತುಂಬಿತ್ತು. ಮೂಕಾಂಬಿಕಾ ವೀಣೆ ಮೀಟಿದರೆ ಎರಡನೇ ಸಾಲಿಗೂ ಕೇಳಿಸಲಿಲ್ಲ. ಇಲ್ಲಿಯ ದೇವಿಗೆ ವೀಣಾಸೇವೆ ಮಾಡುವುದಾಗಿ ಹರಕೆ ಹೊತ್ತಿದ್ದ ಗಂಡ ವಾಸಪ್ಪನವರು ಮಳೆಗಾಲಕ್ಕೆ ಮೊದಲೇ ತೀರಿಕೊಂಡಿದ್ದರು. ಅದನ್ನು ಸಲ್ಲಿಸಲೆಂದೇ ಅವಳು ಕೋಣಂದೂರಿನಿಂದ ಬಂದಿದ್ದಳು.

“ಪಿನ್ನೇನೋ ಸರಿಯಾಗೇ ಕೂತಿದೆ ಅತ್ತಿಗೆ. ಆದ್ರೆ ಇಲ್ಲಿ ವೋಲ್ಟೇಜು ನಮ್ಮೂರಿನ ಅರ್ಧದಷ್ಟೇ ಅಂತೆ. ಊರಿಂದ ತಂದ ನಮ್ಮ ಪೆಟ್ಟಿಗೆಗೆ ಸಾಲ್ತಿಲ್ಲ,” ಎಂದ ಜೊತೆಗೆ ಬಂದಿದ್ದ ಮೈದುನ ನಟರಾಜ್.

“ಊರಲ್ಲಿ ಕರೆಂಟು ಹೋದ್ರೆ ನಿಮ್ಮಣ್ಣ ಎಂತ ಮಾಡ್ತಿದ್ರು?”

“ಜೀಪಿನ ಬ್ಯಾಟರಿಗೆ ಹಾಕ್ತಿದ್ರು.”

“ಮತ್ತೆ ಬಾಯಿ ಬಿಟ್ಕೊಂಡು ನಿಂತಿದ್ದೀಯಲ್ಲ! ಇಲ್ಲಿಯೋರು ಕಾರನ್ನ ತಳ್ಕೊಂಡೇ ಸ್ಟಾರ್ಟ್ ಮಾಡ್ತಾರಾ?”

ಮುಂದಿನ ಸಾಲಿನವರೊಬ್ಬರು ನಗುತ್ತಲೇ ಎದ್ದು ಹೋಗಿ ತಮ್ಮ ಕಾರನ್ನು ಪಕ್ಕದ ಬಾಗಿಲಿಗೆ ತಂದು ನಿಲ್ಲಿಸಿದರು. ನಟರಾಜ್ ಪೆಟ್ಟಿಗೆಯ ಉದ್ದನೆಯ ಬ್ಯಾಟರಿ ವೈರನ್ನು ಎಳೆದೊಯ್ದು ಸಿಕ್ಕಿಸಿದ. ದೀಪ ಕೆಂಡದ ಹಾಗೆ ಹೊತ್ತಿತು. ಮೂಕಾಂಬಿಕಾ ಮತ್ತೆ ಮೀಟಿದಳು. ನಾದ ಕೊನೆಯ ಗೋಡೆಯವರೆಗೂ ಹೋಗಿ ತುಂಬಿಕೊಂಡಿತು.

“ಅತ್ತಿಗೇ, ರಸ್ತೆಗೂ ಕೇಳಿಸ್ತಿದೆ!” ಎಂದು ನಟರಾಜ್ ಕಾರಿನ ಬಳಿಯಿಂದ ಕೂಗಿದ. ಅವಳು ದೇವಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. “ತಗೋ ತಾಯಿ, ನಮ್ಮನೆಯವರ ಸೇವೆ,” ಎಂದು ಸದ್ದಿನ ಗುಂಡಿಯನ್ನು ಇನ್ನಷ್ಟು ತಿರುಗಿಸಿದಳು.