ತಪ್ಪಿನ ಹೆಬ್ಬೆಟ್ಟು

ಕಂಪ್ಯೂಟರ್ ಮತ್ತೆ ಆರಿ ಹೊತ್ತಿಕೊಂಡಿತು. ಪರದೆ ಎಂದಿನಂತೆ ಕೇಳಿತು: ‘ಇದು ಯಾರ ತಪ್ಪು? ಹೆಬ್ಬೆಟ್ಟು ಒತ್ತಿ.’ ಯಾರ ಮನೆಯ ಕಂಪ್ಯೂಟರೇ ಆಗಲಿ, ಯಾರಾದರೊಬ್ಬರು ಒತ್ತದಿದ್ದರೆ ಮುಂದೆ ಓಡುವುದಿಲ್ಲ. ಹೆಸರಿನಲ್ಲಿ ತಪ್ಪುಗಳು ಹೆಚ್ಚಾದವರಿಗೆ ಎಲ್ಲೂ ಕೆಲಸ ಸಿಗುವುದಿಲ್ಲ.

ಶಾಂಭವಿ ಕಂಪನಿ ಕೊಟ್ಟ ಈ ಕಂಪ್ಯೂಟರಿನಲ್ಲಿ ಮನೆಯಲ್ಲೇ ಟೈಪಿಂಗ್ ಮಾಡಿ ಸಂಸಾರ ತೂಗಿಸುವವಳು. ಅವಳ ಹೆಸರಿಗೆ ಇನ್ನೊಂದು ತಪ್ಪು ಸೇರಿದರೆ ಕೆಲಸ ಹೋಗುತ್ತಿತ್ತು. ಗಂಡ ಮಹಾಬಲ ಒತ್ತಿಯಾಗಿತ್ತು. ಕೀಬೋರ್ಡನ್ನೇ ಮುಟ್ಟದ ಅತ್ತೆಯೂ ಒತ್ತಿಯಾಗಿತ್ತು.

“ಚಿನ್ಮಯಿ ಕೈಲಿ ಒತ್ತಿಸು. ಅವಳ ಹೆಸರಲ್ಲಿ ಇನ್ನೂ ಒಂದೂ ಇಲ್ಲ,” ಎಂದ ಮಹಾಬಲ.

ಏಳು ವರ್ಷದ ಮಗಳು ಹೆಬ್ಬೆರಳನ್ನು ಫ್ರಾಕಿಗೆ ಒರೆಸಿಕೊಂಡು ಬಂದು ನಿಂತಳು. “ಒತ್ತಲಾ ಅಮ್ಮಾ?”

“ಕೈ ತೆಗಿ. ಆಡ್ಕೋ ಹೋಗು.”

ಶಾಂಭವಿ ಪ್ಲಗ್ ಕಿತ್ತು ಸ್ಕ್ರೂಡ್ರೈವರ್ ತಂದಳು. ಹಿಂದಿನ ಸಲಗಳಲ್ಲಿ ವೈರು ಬದಲಾಯಿಸಿ, ಫ್ಯಾನಿನ ಧೂಳು ತೆಗೆದು, ಮೆಮೊರಿ ಕಾರ್ಡನ್ನು ಒರೆಸಿ ಹಾಕಿದರೂ ಸರಿಹೋಗಿರಲಿಲ್ಲ. ಈ ಸಲ ಬೋರ್ಡನ್ನೇ ಹೊರಗೆಳೆದಳು. ಅದರ ಮೇಲೆ ಕರೆಂಟು ಹಿಡಿದಿಡುವ ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳ ನೆತ್ತಿ ಉಬ್ಬಿ, ಕಂದು ಅಂಟು ಸೋರುತ್ತಿತ್ತು.

“ನೋಡ್ರೀ, ಇದು ನಿಮ್ಮಮ್ಮನ ತಪ್ಪಾ?”

ಮಹಾಬಲ ಬಗ್ಗಿ ನೋಡಿದ. “ಆದ್ರೂ ಅದು ಹೆಬ್ಬೆಟ್ಟು ಕೇಳುತ್ತಲ್ಲೇ.”

“ಕೇಳುತ್ತೆ. ಕೊಳೆತ ಸಾಮಾನು ಹಾಕಿ ಕೊಟ್ಟ ಕಂಪನಿಯವರ ಹೆಬ್ಬೆಟ್ಟು ಮಾತ್ರ ಯಾವತ್ತೂ ಕೇಳಿಲ್ಲ.”

ಅವಳು ಬೋರ್ಡು ಹಿಡಿದು ಪಕ್ಕದ ಮನೆಯ ಬಾಗಿಲು ಬಡಿದಳು. “ಪದ್ಮಕ್ಕಾ, ನಿಮ್ಮದನ್ನೂ ಬಿಚ್ಚೋಣ, ಬನ್ನಿ.”

ಸಂಜೆಯ ಹೊತ್ತಿಗೆ ಬೀದಿಯ ಜಗಲಿಗಳ ಮೇಲೆಲ್ಲ ಬಿಚ್ಚಿದ ಪೆಟ್ಟಿಗೆಗಳಿದ್ದವು. ಎಲ್ಲದರಲ್ಲೂ ಅದೇ ಉಬ್ಬು, ಅದೇ ಅಂಟು.

“ನಾಳೆ ಕೆಲಸದ ಗತಿ?” ಮಹಾಬಲ ಮೆಲ್ಲಗೆ ಕೇಳಿದ.

“ನಿಲ್ಲುತ್ತೆ. ನನ್ನೊಬ್ಬಳದ್ದಲ್ಲ, ಇಡೀ ಬೀದೀದು. ಕೆಲಸ ಆಗಬೇಕಿದ್ರೆ ಹೊಸ ಬೋರ್ಡು ಹೊತ್ಕೊಂಡು ಕಂಪನಿಯವರೇ ಬರಲಿ.”