ಅಜ್ಜಿ ಎತ್ತಿ ಹಿಡಿದ ಟ್ಯಾಬ್

ದಾವಣಗೆರೆಯ ಫೋಟೋಗ್ರಾಫರ್ ಷಡಕ್ಷರಪ್ಪನವರಿಗೆ ಮೂಗಿನ ತುದಿಯಲ್ಲೇ ಕೋಪ. ಮದುವೆ ಮನೆಯಲ್ಲಿ ಯಾರಾದರೂ ಮೊಬೈಲ್ ಎತ್ತಿದರಂತೂ ಮುಗಿದೇ ಹೋಯಿತು...

ಪೂರ್ತಿ ಅವರ ತಪ್ಪೂ ಅಲ್ಲ ಬಿಡಿ. ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೇ ಯಾರದೋ ಮೊಬೈಲ್ ಅಡ್ಡ ಬಂದರೆ, ಆಲ್ಬಮ್ಮಿನ ಮುಖ್ಯ ಫೋಟೋನೇ ಹಾಳು. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ತಾಳಿ ಫೋಟೋನೂ ತಪ್ಪಿಸಿರಲಿಲ್ಲ ಆ ಮನುಷ್ಯ!

ಆವತ್ತು ಸ್ಪಂದನಾ ಎಂಬ ಹುಡುಗಿಯ ಮದುವೆ. ಬೆಳಿಗ್ಗೆಯೇ ಅವಳ ಚಿಕ್ಕಪ್ಪ ಬಂದು ಕಾಲೆಳೆದ.

"ಏನ್ ಷಡಕ್ಷರಪ್ನೋರೆ, ನಂದು ಹೊಸಾ ಫೋನು. ನಿಮ್ ಕ್ಯಾಮೆರಾಕ್ಕಿಂತ ಕ್ಲಿಯರ್ ಬರ್ತೈತೆ ನೋಡ್ರಿ!"

ಷಡಕ್ಷರಪ್ಪ ಬಿಡುತ್ತಾರೆಯೇ? ಎರಡರಲ್ಲೂ ಒಂದೇ ತೋರಣದ ಫೋಟೋ ತೆಗೆದು, ಪಕ್ಕಪಕ್ಕ ಇಟ್ಟು, ದೊಡ್ಡದು ಮಾಡಿ ತೋರಿಸಿದರು. ಫೋನಿನಲ್ಲಿ ಮಾವಿನೆಲೆ ಬರೀ ಹಸಿರು ಬಣ್ಣ ಬಳಿದಂತೆ ಕಂಡಿತು. ಕ್ಯಾಮೆರಾದಲ್ಲಿ ಎಲೆಯ ನರ ಕೂಡ ಎದ್ದು ಕಾಣುತ್ತಿತ್ತು.

"ಫೋನಿನ ಲೆನ್ಸು ಕಡ್ಲೆಕಾಳಿನಷ್ಟು ಐತೆ. ಅದ್ರಾಗೆ ಎಷ್ಟು ಬೆಳಕು ಹೋಗ್ಬೇಕು ಹೇಳ್ರಿ? ಬಯಲಾಗೆ ಪರವಾಗಿಲ್ಲ, ಒಳಗೆ ಬಂದ್ರೆ ಅದ್ರ ಬಣ್ಣ ಬಯಲಾಗ್ತೈತೆ. ಇನ್ನು ಟ್ಯಾಬ್ ಅಂತೂ ಕೇಳ್ಲೇಬ್ಯಾಡ್ರಿ... ಅದ್ರಾಗೆ ಫೋಟೋ ತೆಗೆಯೋರಿಗೆ ಕೈ ಮುಗೀಬೇಕು!"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಷಡಕ್ಷರಪ್ಪನವರಿಗೆ ಒಳಗೊಳಗೇ ಖುಷಿ.

ಮುಹೂರ್ತ ಹತ್ತಿರ ಬಂತು. ಮಂಟಪದ ಮುಂದೆ ತಮ್ಮ ಜಾಗ ಹಿಡಿದು, ಫೋಕಸ್ ಸರಿಮಾಡಿ ನಿಂತರು... ಅಷ್ಟರಲ್ಲಿ ಲೆನ್ಸಿಗೆ ಅಡ್ಡವಾಗಿ ಅಗಲವಾದದ್ದೊಂದು ಮೇಲೆದ್ದಿತು.

ಟ್ಯಾಬ್!

ಹಿಡಿದಿದ್ದವರು ಮದುಮಗಳ ಅಜ್ಜಿ, ನೀಲಮ್ಮ. ಎರಡೂ ಕೈಯಲ್ಲಿ ಎತ್ತಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡಿದ್ದರು.

"ಅಜ್ಜೀ! ಆ ಹಲಗೆ ಕೆಳಗಿಳಿಸ್ರೀ. ಅದ್ರಾಗೆ ತೆಗೆದ ಫೋಟೋ ಯಾರು ನೋಡ್ತಾರೆ? ನಾನು ತೆಗೆದು ಕೊಡ್ತೀನಲ್ಲ, ಆರಾಮಾಗಿ ಮನ್ಯಾಗೆ ಕೂತು ನೋಡುವಿರಂತೆ!"

ಮತ್ತೆ ನಗು. ಅಜ್ಜಿ ಬೆಚ್ಚಿ ಕೈ ಇಳಿಸಿದರು.

"ತಪ್ಪಾತು ಕಣಪ್ಪಾ..." ಎಂದವರೇ, ಟ್ಯಾಬನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿಂದೆ ಹೋಗಿ ಕುಳಿತರು.

ತಾಳಿ ಮದುಮಗನ ಕೈಗೆ ಬಂತು. ಸ್ಪಂದನಾ ತಲೆ ಬಗ್ಗಿಸಬೇಕು... ಬಗ್ಗಿಸಲಿಲ್ಲ. ಅವಳ ಕಣ್ಣು ಜನರ ಮಧ್ಯೆ ಯಾರನ್ನೋ ಹುಡುಕುತ್ತಿತ್ತು.

"ಅಜ್ಜೀ... ಟ್ಯಾಬ್ ಯಾಕೆ ಮುಚ್ಚಿಟ್ಟೆ?"

"ಫೋಟೋದೋರಿಗೆ ಅಡ್ಡ ಆಗ್ತೈತಂತೆ ಕಣವ್ವಾ. ನೀನು ಕಟ್ಟಿಸ್ಕೋ, ಹೊತ್ತಾಗ್ತೈತೆ. ನಾನು ಓಲಗ ಕೇಳ್ಕಂಡು ಇಲ್ಲೇ ಕುಂತಿರ್ತೀನಿ."

ಸ್ಪಂದನಾಳ ಕಣ್ಣು ತುಂಬಿ ಬಂತು.

"ಅಂಕಲ್, ನಮ್ಮಜ್ಜಿ ಫೋಟೋ ತೆಗೀತಿರ್ಲಿಲ್ಲ... ಅಜ್ಜಿಗೆ ಕಣ್ಣಿನ ನಡುಭಾಗದ ದೃಷ್ಟಿ ಹೋಗೈತೆ. ಎದುರಿಗೆ ನಿಂತ್ರೂ ಮುಖ ಇರೋ ಜಾಗದಾಗೆ ಬರೀ ಕಪ್ಪು ಕಾಣ್ತೈತಂತೆ. ಟ್ಯಾಬಿನಾಗೆ ಮುಖ ದೊಡ್ಡದು ಮಾಡಿದ್ರೆ ಮಾತ್ರ ಒಂಚೂರು ಗುರುತು ಸಿಗ್ತೈತೆ. ಅಮ್ಮ ಹೋದ್ಮೇಲೆ ನನ್ನ ಸಾಕಿದ್ದು ಅಜ್ಜಿನೇ. ಅವಳು ನೋಡ್ದೆ ನಾನು ತಾಳಿ ಹೆಂಗೆ ಕಟ್ಟಿಸ್ಕೊಳ್ಲಿ?"

ಓಲಗದವರು ಊದುವುದನ್ನೇ ನಿಲ್ಲಿಸಿಬಿಟ್ಟರು.

ಷಡಕ್ಷರಪ್ಪನವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸ್ಕ್ರೀನ್ ಎತ್ತಿ ಹಿಡಿದವರೆಲ್ಲ ಫೋಟೋ ತೆಗೆಯುವವರೇ ಎಂದುಕೊಂಡಿದ್ದರು ಇಷ್ಟು ವರ್ಷ. ಬರೀ ನೋಡುವುದಕ್ಕೂ ಒಬ್ಬರು ಎತ್ತಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ಅಯ್ನೋರೆ, ಮುಹೂರ್ತ ಇನ್ನೆಷ್ಟೊತ್ತು ಐತೆ?" ಎಂದು ಪುರೋಹಿತರನ್ನು ಕೇಳಿದರು.

"ಏಳೆಂಟು ನಿಮಿಷ ಐತೆ. ಜಲ್ದಿ ಮಾಡ್ರಿ!"

ಓಡಿ ಹೋಗಿ ಅಜ್ಜಿಯ ಕೈ ಹಿಡಿದು ಕರೆತಂದರು. ಮೊದಲು ತಮ್ಮ ಕ್ಯಾಮೆರಾವನ್ನೇ ಅವರ ಮುಖಕ್ಕೆ ಹಿಡಿದರು. "ಇದ್ರಾಗೆ ನೋಡ್ರಿ ಅಜ್ಜೀ, ಬಾಳ ಕ್ಲಿಯರ್ ಐತೆ."

ಅಜ್ಜಿ ಕ್ಯಾಮೆರಾದ ಹಿಂದಿನ ಪುಟ್ಟ ಸ್ಕ್ರೀನಿನಲ್ಲಿ ಇಣುಕಿ ಇಣುಕಿ ನೋಡಿದರು. "ಇಷ್ಟು ಸಣ್ಣದ್ರಾಗೆ ನಂಗೇನೂ ಕಾಣಲ್ಲಪ್ಪಾ..."

ಚಿಕ್ಕಪ್ಪ ತನ್ನ ಹೊಸ ಫೋನು ಕೊಟ್ಟ. ಅದೂ ಆಗಲಿಲ್ಲ. ಕೊನೆಗೆ ಆ 'ಹಲಗೆ'ಯೇ ಬೇಕಾಯಿತು!

ತಾವು ನಿಂತಿದ್ದ ಜಾಗದಲ್ಲೇ ಅಜ್ಜಿಯನ್ನು ನಿಲ್ಲಿಸಿದರು. ಆದರೆ ಅಜ್ಜಿಯ ಕೈ ನಡುಗುತ್ತಿತ್ತು. ಸ್ಕ್ರೀನಿನಲ್ಲಿ ದೊಡ್ಡದಾದ ಮುಖ ಸಿಕ್ಕಿದಂತಾಗಿ ಮತ್ತೆ ಜಾರಿ ಹೋಗುತ್ತಿತ್ತು.

ಷಡಕ್ಷರಪ್ಪ ಒಂದು ಕ್ಷಣ ತಮ್ಮ ಕ್ಯಾಮೆರಾ ನೋಡಿದರು... ಆಮೇಲೆ ಅದನ್ನು ಬೆನ್ನಿಗೆ ಸರಿಸಿ, ಎರಡೂ ಕೈಯಲ್ಲಿ ಟ್ಯಾಬ್ ಹಿಡಿದರು.

"ನೀವು ಬರೀ ನೋಡ್ರಿ ಅಜ್ಜೀ. ಅಲುಗಾಡದಂಗೆ ನಾನು ಹಿಡ್ಕಂತೀನಿ."

ಗಟ್ಟಿಮೇಳ ಮೊಳಗಿತು. ಅಕ್ಷತೆ ಸುರಿಯಿತು. ತಾಳಿ ಕೊರಳಿಗೆ ಬಿತ್ತು.

ಷಡಕ್ಷರಪ್ಪನವರ ಕ್ಯಾಮೆರಾ ಒಂದು ಸಲವೂ ಕ್ಲಿಕ್ ಆಗಲಿಲ್ಲ.

ಅಜ್ಜಿ ಸ್ಕ್ರೀನಿನ ಮೇಲಿದ್ದ ಮೊಮ್ಮಗಳ ಕೆನ್ನೆಯನ್ನು ಮೆಲ್ಲಗೆ ಸವರಿದರು.

"ನಕ್ಕಳು ನೋಡಪ್ಪಾ... ನಕ್ರೆ ಥೇಟ್ ನನ್ ಮಗಳು ಕಣೋ! ಅವಳೇ ಬಂದು ನಿಂತಂಗಾತು..."

ಷಡಕ್ಷರಪ್ಪ ಗಳಗಳನೆ ಅತ್ತುಬಿಟ್ಟರು. ಒರೆಸಿಕೊಳ್ಳೋಣವೆಂದರೆ ಕೈ ಬಿಡುವಂತಿರಲಿಲ್ಲ.

ಊಟದ ಹೊತ್ತಿಗೆ ಮದುಮಗಳ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತರು. "ತಾಳಿ ಕಟ್ಟೋ ಫೋಟೋ ಇಲ್ಲವ್ವಾ... ನನ್ನ ಕ್ಷಮಿಸ್ಬಿಡು."

ಸ್ಪಂದನಾ ನಕ್ಕಳು. "ನಮ್ಮಜ್ಜಿ ನೋಡಿದ್ಲಲ್ಲ ಅಂಕಲ್, ಅಷ್ಟು ಸಾಕು. ಆಲ್ಬಮ್ಮಿನಾಗೆ ಆ ಪುಟ ಖಾಲಿ ಬಿಡ್ರಿ. ಯಾಕೆ ಖಾಲಿ ಐತೆ ಅಂತ ಕೇಳಿದೋರಿಗೆಲ್ಲ ನಾನು ಇವತ್ತಿನ ಕತೆ ಹೇಳ್ತೀನಿ."

ಈಗಲೂ ಷಡಕ್ಷರಪ್ಪ ಮದುವೆ ಫೋಟೋ ತೆಗೆಯುತ್ತಾರೆ. ಕೋಪವೇನೂ ಪೂರ್ತಿ ಹೋಗಿಲ್ಲ! ಆದರೆ ಮುಹೂರ್ತಕ್ಕೆ ಮುಂಚೆ ಒಮ್ಮೆ ತಿರುಗಿ ನಿಂತು ಜೋರಾಗಿ ಕೇಳುತ್ತಾರೆ... "ಕಣ್ಣು ಮಂಜು ಇರೋರು ಯಾರಾದ್ರೂ ಇದ್ದೀರೇನ್ರಿ? ಮುಂದೆ ಬರ್ರಿ, ನನ್ನ ಪಕ್ಕ ನಿಂತ್ಕಳ್ರಿ."

❖

ಯಾವ ಕ್ಯಾಮೆರಾ ಒಳ್ಳೆಯದು ಎಂದು ತೀರ್ಪು ಕೊಡುವ ಮೊದಲು, ಅದನ್ನು ಹಿಡಿದವರಿಗೆ ಏನು ನೋಡಬೇಕಾಗಿದೆ ಎಂದು ಕೇಳೋಣ.

"ಅಡ್ಡ ಬರಬೇಡಿ" ಎಂದು ನಾವು ಹಿಂದೆ ಕಳಿಸಿದವರಲ್ಲಿ, ಮುಂದೆ ನಿಲ್ಲಲೇಬೇಕಾಗಿದ್ದವರು ಎಷ್ಟು ಜನ ಇದ್ದರೋ...? ಒಮ್ಮೆ ಯೋಚಿಸಿ ನೋಡಿ.