ಕಡಜ ಗೂಡು ಕಟ್ಟದ ಹಾಗೆ

ರೇಸ್ ಕಾರು ಮತ್ತೊಮ್ಮೆ ಗುಡುಗಿ, ಕೆಮ್ಮಿ, ನಿಂತುಹೋಯಿತು. "ಇದರ ಹಟ ನೋಡು, ಥೇಟ್ ಯಜಮಾನನ ಹಾಗೇ!" ಎಂದ ಮೆಕ್ಯಾನಿಕ್, ಹಾಗೆಂದವನೇ ನಾಲಿಗೆ ಕಚ್ಚಿಕೊಂಡ. ಶೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅಮ್ಮ ತಲೆಯೆತ್ತಲಿಲ್ಲ. ಮಡಿಲಲ್ಲಿದ್ದ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಮಡಚುತ್ತಿದ್ದಳು.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಮಗ ಹೇಳಿ ಹೋಗಿದ್ದು ಇಷ್ಟೇ: "ಅಮ್ಮಾ, ನಾನು ಬರೋ ತನಕ ಕಾರಿನ ತೂತುಗಳಲ್ಲಿ ಕಡಜ ಗೂಡು ಕಟ್ಟದ ಹಾಗೆ ನೋಡ್ಕೋ." ಅವನು ಬರಲಿಲ್ಲ. ಕಡಜಗಳು ಮಾತ್ರ ಪ್ರತಿ ವರ್ಷವೂ ತಪ್ಪದೆ ಬಂದು ಕಿಟಕಿಯ ಸಂದಿಗೆ, ಚಿಲಕದ ತೂತಿಗೆ ಮಣ್ಣು ಮೆತ್ತಿದವು. ಕಾರಿನೊಳಕ್ಕೆ ಹೋಗಲು ಮಾತ್ರ ಅವಕ್ಕೆ ಆಗಲಿಲ್ಲ. ಅಮ್ಮ ಮಗನ ಹಳೆಯ ಅಂಗಿಯನ್ನು ಕತ್ತರಿಸಿ, ಹೊಗೆ ಕೊಳವೆಯಿಂದ ಹಿಡಿದು ಕಂಡ ಕಂಡ ಕಿಂಡಿಗೆಲ್ಲ ತುಂಡು ಸಿಕ್ಕಿಸಿ ಇಟ್ಟಿದ್ದಳು.

"ಅಮ್ಮಾ, ಇದು ಕಾರೋ, ಬಟ್ಟೆ ಅಂಗಡಿಯೋ?" ಎನ್ನುತ್ತ ಬೆಳಿಗ್ಗೆ ಅವನ್ನೆಲ್ಲ ಎಳೆದು ಅವಳ ಮಡಿಲಿಗೆ ಹಾಕಿದ್ದು ಈ ಮೆಕ್ಯಾನಿಕ್ಕೇ. ಮಗನ ಪ್ರತಿ ರೇಸಿಗೂ ಜೊತೆಗಿದ್ದವನು. ಕೈಗೆ ಗ್ರೀಸ್ ಮೆತ್ತಿಕೊಂಡೇ ಊಟಕ್ಕೆ ಕೂತು, ಮಗನ ಪಾಲಿನ ಬೈಗುಳದಲ್ಲಿ ಅರ್ಧ ತಾನೂ ತಿಂದವನು.

ಸೊಸೆ ಎರಡು ಲೋಟ ಟೀ ಹಿಡಿದು ಬಂದಳು. "ಏನಾಯ್ತಣ್ಣ?"

"ಪೆಟ್ರೋಲು ಎಂಜಿನ್ ತನಕ ಹೋಗ್ತಾ ಇಲ್ಲಮ್ಮ. ಹಳೇದು ಕೊಳೆತು ನಾರ್ತಿತ್ತು, ಬಸಿದು ಹೊಸದು ತುಂಬಿದೆ. ಫಿಲ್ಟರ್ ಹೊಸದು, ಪಂಪ್ ಹೊಸದು. ಶುರುವಲ್ಲಿ ಒತ್ತಡ ಸರಿಯಾಗೇ ಇರುತ್ತೆ. ಆಮೇಲೆ ನೋಡು, ಈ ಮೀಟರಿನ ಮುಳ್ಳು ನಿದ್ದೆ ಬಂದವರ ಹಾಗೆ ಮಲಗಿಬಿಡುತ್ತೆ."

"ಸಂಜೆ ಕಾರು ಕೇಳಿದ್ದ ಆ ರೇಸಿನ ಹುಡುಗಿ ಬರ್ತಾಳಣ್ಣ. ಓಡಿದ್ರೆ ರೇಸಿಗೆ ತಗೊಂಡು ಹೋಗ್ತಾಳೆ. ಇಲ್ಲಾಂದ್ರೆ..." ಸೊಸೆ ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದಳು. "ನಾಳೆ ಶೆಡ್ ಬಿಟ್ಟುಕೊಡಬೇಕು. ಗುಜರಿಯವನಿಗೆ ಹೇಳಿಟ್ಟಿದ್ದೀನಿ."

"ಕೊಯ್ದು ಹಾಕ್ತಾರಾ?" ಅಮ್ಮ ಕೇಳಿದಳು.

"ನಾನೇನು ಮಾಡ್ಲಿ ಅತ್ತೆ? ಮನೆಯೊಳಗೆ ತಂದು ಇಟ್ಕೊಳ್ಳೋಕಾಗುತ್ತಾ?" ಸೊಸೆ ಲೋಟಗಳನ್ನು ನೆಲಕ್ಕಿಟ್ಟಳು.

ಮೆಕ್ಯಾನಿಕ್ ಟೀ ಮುಟ್ಟಲಿಲ್ಲ. ಏನೋ ಹೊಳೆದವನಂತೆ ಹಿಂದಕ್ಕೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಸ್ಸ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಎಷ್ಟೋ ಹೊತ್ತಿನಿಂದ ಬಿಗಿಹಿಡಿದ ಉಸಿರನ್ನು ಯಾರೋ ಎಳೆದುಕೊಂಡಂತಿತ್ತು. "ಸಿಕ್ಕಿಬಿತ್ತು ಕಳ್ಳ! ಟ್ಯಾಂಕಿಗೆ ಗಾಳಿ ಇಲ್ಲ. ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕಮ್ಮ. ಇಲ್ಲದಿದ್ರೆ ಪಂಪು ಎಳೆದೂ ಎಳೆದೂ ಸೋತುಹೋಗುತ್ತೆ."

"ಹಾಲಿನ ಬಾಟಲಿ ಹಾಗೆ," ಎಂದಳು ಅಮ್ಮ ತನಗೆ ತಾನೇ ಎಂಬಂತೆ. ಮುಚ್ಚಳ ಬಿಗಿಯಾದರೆ ಎಳೆಮಗು ಚೀಪಿ ಚೀಪಿ ಕೆಂಪಾಗಿ ಅಳುತ್ತಿತ್ತು. ಒಂದು ಸುತ್ತು ಸಡಿಲಿಸಿದರೆ ಗುಳುಗುಳು ಸದ್ದು, ಆಮೇಲೆ ಸಮಾಧಾನ.

"ಹಾಗೇ ಅಮ್ಮ. ಅದಕ್ಕೇ ಟ್ಯಾಂಕಿಂದ ಹಿಂದಕ್ಕೆ ಒಂದು ಸಣ್ಣ ಪೈಪು ಬಿಟ್ಟಿರ್ತಾರೆ, ಉಸಿರಾಡೋಕೆ. ಅದರ ಬಾಯಿ ಆಗಲೇ ನೋಡ್ದೆ, ತೆರೆದೇ ಇದೆ. ಒಳಗೆಲ್ಲೋ ಕಟ್ಟಿದೆ." ಅವನು ಅಮ್ಮನ ಕಡೆ ತಿರುಗಿ ಕೇಳಿದ. "ಅದಕ್ಕೂ ಏನಾದ್ರೂ ಇಟ್ಟಿದ್ರಾ?"

ಅಮ್ಮ ಮಡಚಿದ್ದ ತುಂಡನ್ನೇ ಬಿಚ್ಚಿ ಮತ್ತೆ ಮಡಚಿದಳು. ಮಡಿಲಲ್ಲಿ ಒಂದು ತುಂಡು ಕಡಿಮೆ ಇದೆಯೆಂದು ಅವಳಿಗೆ ಬೆಳಿಗ್ಗೆಯೇ ಗೊತ್ತಿತ್ತು. ಎಲ್ಲವೂ ಹೊರಗೆ ಬಂತು, ಅದೊಂದು ಅಲ್ಲೇ ಇರಲಿ ಎಂದುಕೊಂಡಿದ್ದಳು. ಆ ಅಂಗೈ ಅಗಲದ ಬಟ್ಟೆ ಇಂಥ ಕಾರನ್ನು ನಿಲ್ಲಿಸೀತು ಎಂದು ಯಾರಿಗೆ ತಾನೇ ಗೊತ್ತು? ಈಗ ಬಾಯಿಬಿಟ್ಟರೆ ಇನ್ಯಾರೋ ಇದನ್ನು ಹತ್ತಿ ಹೊರಡುತ್ತಾರೆ. ಬಾಯಿಬಿಡದಿದ್ದರೆ ಗುಜರಿಯವನ ಗರಗಸ.

ಅವಳು ಎದ್ದಳು. ತುಂಡುಗಳನ್ನು ಸ್ಟೂಲಿನ ಮೇಲಿಟ್ಟು, ಕಾರಿನ ಹಿಂದೆ ಹೋಗಿ ನೆಲಕ್ಕೆ ಮೊಣಕಾಲೂರಿದಳು. ಬೆರಳು ಎಟುಕಲಿಲ್ಲ. ತುರುಬಿನಿಂದ ಪಿನ್ ಕಿತ್ತು, ಅದನ್ನು ನೆಟ್ಟಗೆ ಮಾಡಿ, ತುದಿಯನ್ನಷ್ಟೇ ಬಾಗಿಸಿ ಪೈಪಿನೊಳಗೆ ತೂರಿಸಿದಳು. ನಿದ್ದೆಯಲ್ಲಿರುವ ಮಗುವಿನ ಕಿವಿಯಿಂದ ಹತ್ತಿ ತೆಗೆಯುವವಳ ಹಾಗೆ ನಿಧಾನವಾಗಿ ಎಳೆದಳು. ಬಂತು. ಮಿಕ್ಕ ತುಂಡುಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಬೆಳಕು ಕಾಣದ ಇದರ ನೀಲಿ ಗೆರೆಗಳು ಮಾತ್ರ ಮಗ ನಿನ್ನೆ ತೊಟ್ಟು ಬಿಚ್ಚಿದ್ದ ಅಂಗಿಯದೋ ಎನ್ನುವಂತಿದ್ದವು. ಪೆಟ್ರೋಲ್ ವಾಸನೆ. "ಮೊದಲು ಸ್ನಾನ ಮಾಡು, ಆಮೇಲೆ ಅಮ್ಮ ಅನ್ನು," ಎಂದು ಅವಳು ಮಗನನ್ನು ಗದರುತ್ತಿದ್ದ ಅದೇ ವಾಸನೆ.

ಮೆಕ್ಯಾನಿಕ್ ಮುಚ್ಚಳ ಬಿಗಿದು ಎಂಜಿನ್ ಶುರು ಮಾಡಿದ. ತಗಡಿನ ಗೋಡೆಗಳು ನಡುಗಿದವು, ಚಿಲಕದಲ್ಲಿದ್ದ ಕಡಜದ ಗೂಡು ಉದುರಿ ಬಿತ್ತು. ಮೂವರೂ ಆ ಮುಳ್ಳನ್ನೇ ನೋಡುತ್ತ ನಿಂತರು. ಅದು ಮಲಗಲಿಲ್ಲ. ಸೊಸೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

"ಇದೊಂದನ್ನ ಯಾಕಮ್ಮ ಅಷ್ಟು ಒಳಗೆ ತುರುಕಿದ್ರಿ?" ಎಂಜಿನ್ ಸದ್ದನ್ನು ಮೀರಿಸಿ ಕೂಗಿದ ಮೆಕ್ಯಾನಿಕ್. "ಮಿಕ್ಕಿದ್ದೆಲ್ಲ ಎಳೆದ್ರೆ ಬರೋ ಹಾಗೆ ತುದೀಲೇ ಇತ್ತಲ್ಲ!"

"ಅವೆಲ್ಲ ಅವನು ಬರ್ತಾನೆ ಅಂತ ಇಟ್ಟಿದ್ದು ಕಣಪ್ಪ," ಎಂದಳು ಅಮ್ಮ. "ಇದು, ಅವನನ್ನ ಮಣ್ಣು ಮಾಡಿ ಬಂದ ದಿನ ಇಟ್ಟಿದ್ದು."